ಟ್ರೇಲಲ್ಲಿ ಇ-ಬೈಕ್ ಸ್ಪೀಡ್ ನಾನು ಇಳಿಸಿದ್ದು ಹೇಗೆ

ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ಸ್ಟೀವನ್ಸ್ ಕ್ರೀಕ್ ಟ್ರೇಲ್ (ನಡೆಯೋರು, ಸೈಕಲ್‌ನವರು ಇಬ್ಬರೂ ಓಡಾಡೋ ದಾರಿ) ಹಿಡಿದು ದಿನಾ ಆಫೀಸಿಗೆ ಹೋಗ್ತೀನಿ, ಇ-ಬೈಕ್ ತಗೊಂಡು ಎರಡು ವರ್ಷ ಆಯ್ತು. ನಂದು ಕ್ಲಾಸ್ 1, ಪೆಡಲ್ ತುಳಿದ್ರೆ ಮಾತ್ರ ಮೋಟರ್ ತಳ್ಳುತ್ತೆ, ಗಂಟೆಗೆ 20 ಮೈಲಿ ಮುಟ್ತಿದ್ದ ಹಾಗೆ ಬಿಟ್ಟುಬಿಡುತ್ತೆ, ಅಂದ್ರೆ ನಮ್ಮ ಲೆಕ್ಕದಲ್ಲಿ 32 ಕಿ.ಮೀ. ಕ್ಯಾಲಿಫೋರ್ನಿಯಾದಲ್ಲಿ ತಕರಾರು ಇರೋದು 28 ಮೈಲಿ ಹೋಗೋ ಕ್ಲಾಸ್ 3 ಬಗ್ಗೆ, ನಂದಕ್ಕೇನೂ ಇಲ್ಲ ಅನ್ಕೊಂಡಿದ್ದೆ. ಆದ್ರೆ ಈ ಟ್ರೇಲಿನ ಲಿಮಿಟ್ 15 ಮೈಲಿ, ನಾನು 20ರಲ್ಲೇ ಹೋಗ್ತಿದ್ದೆ.

ಹೋದ ಬೇಸಿಗೇಲಿ ಅಪ್ಪ ಅಮ್ಮ ದಾವಣಗೆರೆಯಿಂದ ಬಂದಿದ್ರು. ಸಂಜೆ ವಾಕಿಂಗ್ ಹೊರಟಿದ್ವಿ, ಹೇಳಿಕೊಟ್ಟ ಹಾಗೆ ಅಪ್ಪ ಬಲಗಡೆನೇ ನಡೀತಿದ್ರು, ಹಿಂದಿಂದ ಇ-ಬೈಕಲ್ಲಿ ಒಬ್ಬ "ಆನ್ ಯುವರ್ ಲೆಫ್ಟ್", ಅಂದ್ರೆ ನಿಮ್ಮ ಎಡಗಡೆಯಿಂದ ಮುಂದೆ ಹೋಗ್ತಿದೀನಿ ಅಂತ ಕೂಗ್ದ, ಅಪ್ಪಂಗೆ ಕೇಳ್ಸಿದ್ದು ಲೆಫ್ಟ್ ಅನ್ನೋದೊಂದೇ, ಗಾಬರಿಯಲ್ಲಿ ಎಡಕ್ಕೇ ಸರಿದುಬಿಟ್ರು. ಹ್ಯಾಂಡಲ್ ಶರ್ಟಿನ ತೋಳಿಗೆ ಸವರ್ಕೊಂಡು ಹೋಯ್ತು. ಬೀಳಲಿಲ್ಲ, ಆದ್ರೆ ಬೆಂಚ್ ಮೇಲೆ ಕೂತಾಗ ಅವರ ಕೈ ನಡುಗ್ತಿತ್ತು. ನಾನೂ ದಿನಾ ಹಾಗೇ ಕೂಗ್ಕೊಂಡು ಹೋಗ್ತಿದ್ದೆ. ಆ ರಾತ್ರಿ ನಿದ್ದೆ ಬರ್ಲಿಲ್ಲ.

ಮೊದಲು ಲೆಕ್ಕ ಹಾಕ್ದೆ. 20 ಮೈಲಿ ಅಂದ್ರೆ ಸೆಕೆಂಡಿಗೆ ಸುಮಾರು 9 ಮೀಟರ್. ಕಣ್ಣಿಗೆ ಕಂಡು ಕೈ ಬ್ರೇಕ್ ಒತ್ತೋಕೆ ಒಂದು ಸೆಕೆಂಡ್ ಹಿಡಿದ್ರೂ ಅಷ್ಟು ದೂರ ಹೋಗೇ ಬಿಟ್ಟಿರುತ್ತೆ, 10 ಮೈಲೀಲಿ ಅದು ನಾಲ್ಕೂವರೆ ಮೀಟರ್. ಬ್ರೇಕ್ ಒತ್ತಿದ ಮೇಲೆ ನಿಲ್ಲೋ ದೂರ ಅಂತೂ ಸ್ಪೀಡ್ ಡಬಲ್ ಆದ್ರೆ ನಾಲ್ಕು ಪಟ್ಟು.

ಟ್ರೇಲಿಗೆ ಇಳಿಯೋ ಮುಂಚೆನೇ ಅಸಿಸ್ಟ್, ಅಂದ್ರೆ ಮೋಟರ್ ತಳ್ಳೋ ಬಲ, ಈಗ ಜೋರಾದ ಟರ್ಬೋದಿಂದ ಮೆತ್ತಗಿನ ಇಕೋಗೆ ಇಳಿಸ್ತೀನಿ. ಜನ ಕಂಡ್ರೆ ಇಪ್ಪತ್ತು ಮೀಟರ್ ದೂರದಿಂದ್ಲೇ ಬೆಲ್, ಒಂದು ಸಲ, ಸ್ವಲ್ಪ ಬಿಟ್ಟು ಇನ್ನೊಂದು ಸಲ, ಆಮೇಲೆ ಅವರು ತಲೆ ತಿರುಗಿಸಿದ್ರಾ ನೋಡ್ತೀನಿ. ತಿರುಗಿಸ್ಲಿಲ್ಲ ಅಂದ್ರೆ ಕಿವೀಲಿ ಏನೋ ಹಾಕ್ಕೊಂಡಿದ್ದಾರೆ ಅಂತಲೇ ಲೆಕ್ಕ, ನಡಿಗೆ ಸ್ಪೀಡಿಗೆ ಇಳಿದು ಹಿಂದೇನೇ ಹೋಗ್ತೀನಿ. ನಾಯಿ ಒಂದು ಕಡೆ, ಯಜಮಾನ್ರು ಇನ್ನೊಂದು ಕಡೆ ಇದ್ರೆ ಮಧ್ಯದ ಹಗ್ಗ ಕಾಣೋದೇ ಇಲ್ಲ, ಅಲ್ಲಿ ಕಾಲು ಕೆಳಗಿಟ್ಟು ನಿಂತುಬಿಡೋದೇ ವಾಸಿ. ಇನ್ನೊಂದು, ಕೆಲವು ಬೈಕಲ್ಲಿ ತುಳಿಯೋದು ನಿಲ್ಲಿಸಿದ ಮೇಲೂ ಒಂದು ಕ್ಷಣ ಮೋಟರ್ ತಳ್ಳುತ್ತೆ, ನಂದೂ ಹಾಗೇ, ಅದಕ್ಕೆ ಬೆಲ್ ಹೊಡೆಯೋವಾಗ್ಲೇ ಕಾಲು ನಿಲ್ಲಿಸ್ತೀನಿ.

ಸಾದಾ ಸೈಕಲಲ್ಲಿ ನಿಧಾನ ಮಾಡಿದ್ರೆ ಮತ್ತೆ ವೇಗ ಹಿಡಿಯೋಕೆ ತೊಡೆ ನೋವು ಬರುತ್ತೆ, ಅವರು ಬ್ರೇಕ್ ಹಿಡಿಯೋಕೆ ಹಿಂಜರಿಯೋದು ನಂಗೆ ಅರ್ಥ ಆಗುತ್ತೆ. ನಮಗೆ ಆ ಕಷ್ಟನೇ ಇಲ್ಲ, ಎರಡು ತುಳಿತಕ್ಕೆ ಮೋಟರ್ ಎತ್ಕೊಳುತ್ತೆ. ನನ್ನ 4 ಮೈಲಿ ದಾರಿಗೆ 20ರಲ್ಲಿ 12 ನಿಮಿಷ, 15ರಲ್ಲಿ 16.

ಕ್ಯಾಲ್‌ಟ್ರೇನ್ ಅನ್ನೋ ಇಲ್ಲಿನ ರೈಲಿನ ಹಳಿ ಮೇಲಿನ ಸೇತುವೆ ಇಳಿಜಾರಲ್ಲಿ ಮಾತ್ರ ಮೋಟರ್ ಇಲ್ದೇನೂ ಸ್ಪೀಡ್ ಏರುತ್ತೆ, ಗಾಡಿನೇ 25 ಕೆ.ಜಿ. ಅಲ್ವಾ. ಅಲ್ಲಿ ಎರಡೂ ಬ್ರೇಕ್ ಹಿಡ್ಕೊಂಡೇ ಇಳೀತೀನಿ.