ಬ್ರಾಟ್‌ವುರ್ಸ್ಟ್ ಮತ್ತು ಸಾವರ್‌ಕ್ರೌಟ್: ಉರಿ ಸಣ್ಣದಿರಲಿ

ಸಾಸೇಜ್ ಸಿಪ್ಪೆ ಒಡೆದು ರಸವೆಲ್ಲ ಬಾಣಲೆಗೆ ಸುರಿಯಿತು, ತಿನ್ನುವಾಗ ಒಣಕಲು ಅನ್ನಿಸಿತು ಅಂದರೆ ಉರಿ ಜಾಸ್ತಿ ಆಗಿದೆ ಎಂದೇ ಅರ್ಥ. ಬ್ರಾಟ್‌ವುರ್ಸ್ಟ್ ಅನ್ನುವ ಈ ಜರ್ಮನ್ ಸಾಸೇಜ್‌ಗೆ ಅವಸರ ಆಗುವುದಿಲ್ಲ. ಅದರ ಜೊತೆಗಿನ ಸಾವರ್‌ಕ್ರೌಟ್‌ಗೆ, ಅಂದರೆ ಹುಳಿ ಬರಿಸಿದ ಎಲೆಕೋಸಿಗಂತೂ, ವಾರಗಳೇ ಬೇಕು. ಹಾಗಾಗಿ ಕೋಸಿನಿಂದಲೇ ಶುರು ಮಾಡೋಣ.

ಒಂದು ಕಿಲೋ ಎಲೆಕೋಸನ್ನು ಸಣ್ಣಗೆ ಹೆಚ್ಚಿ. 20 ಗ್ರಾಂ ಉಪ್ಪು ಹಾಕಿ. ಉಪ್ಪನ್ನು ದಯವಿಟ್ಟು ತೂಗಿಯೇ ಹಾಕಿ. ಕಡಿಮೆಯಾದರೆ ಕೋಸು ಕೆಡುತ್ತದೆ, ಹೆಚ್ಚಾದರೆ ಹುಳಿ ಬರುವುದು ನಿಧಾನ. ನೀರು ಬಿಡುವವರೆಗೆ ಕೈಯಲ್ಲಿ ಹಿಸುಕಿ, ಗಾಜಿನ ಜಾಡಿಗೆ ಒತ್ತಿ ತುಂಬಿ. ಕೋಸು ಸದಾ ತನ್ನದೇ ನೀರಿನಲ್ಲಿ ಮುಳುಗಿರಬೇಕು, ಮೇಲೆ ಭಾರ ಇಡಿ. ಹುಳಿ ಬರಿಸುವ ಬ್ಯಾಕ್ಟೀರಿಯಾಗೆ ಗಾಳಿ ಬೇಡ, ಬೂಷ್ಟಿಗೆ ಬೇಕು. ಮೊದಲ ವಾರ ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಿ. 18–20 ಡಿಗ್ರಿಯಲ್ಲಿ ಮೂರು ನಾಲ್ಕು ವಾರಕ್ಕೆ ಹದವಾಗುತ್ತದೆ. ಬೂಷ್ಟು ಕಟ್ಟಿದರೆ ಎಸೆದುಬಿಡಿ.

ಬೇಯಿಸುವಾಗ ಬೆಣ್ಣೆಯಲ್ಲಿ ಈರುಳ್ಳಿ ಬಾಡಿಸಿ, ಅರ್ಧ ಕಿಲೋ ಕ್ರೌಟ್ (ಹುಳಿ ಬಂದ ಈ ಕೋಸು), ಹೆಚ್ಚಿದ ಒಂದು ಹುಳಿ ಸೇಬು, ಒಂದು ಬೇ ಎಲೆ, ಜಜ್ಜಿದ ಐದಾರು ಜುನಿಪರ್ ಹಣ್ಣು (ಮಸಾಲೆಗೆ ಬಳಸುವ ಪುಟ್ಟ ಒಣ ಹಣ್ಣು), ಜೀರಿಗೆಯಂತೆ ಕಾಣುವ ಕ್ಯಾರವೇ ಬೀಜ ಸ್ವಲ್ಪ ಸೇರಿಸಿ. ಒಂದು ಲೋಟ ವೈಟ್ ವೈನ್ ಅಥವಾ ಸೇಬಿನ ರಸ ಸುರಿದು, ಮುಚ್ಚಿ, ಸಣ್ಣ ಉರಿಯಲ್ಲಿ 40 ನಿಮಿಷ ಬಿಡಿ. ಕ್ರೌಟನ್ನು ತೊಳೆದು ಹಾಕುವವರಿದ್ದಾರೆ. ನಾನು ತೊಳೆಯುವುದಿಲ್ಲ. ಇಷ್ಟು ದಿನ ಕಾದು ಪಡೆದ ಹುಳಿಯನ್ನು ನೀರಿಗೆ ಬಿಡೋದು ಯಾಕೆ? ತೀರಾ ಹುಳಿ ಅನ್ನಿಸಿದರೆ ಹಿಂಡಿ ಹಾಕಿದರೆ ಸಾಕು. ಕೊನೆಯ ಹತ್ತು ನಿಮಿಷಕ್ಕೆ ಒಂದು ಪುಟ್ಟ ಹಸಿ ಆಲೂಗಡ್ಡೆ ತುರಿದು ಹಾಕಿ, ರಸ ಗಟ್ಟಿಯಾಗುತ್ತದೆ. ಉಪ್ಪನ್ನು ರುಚಿ ನೋಡಿಯೇ ಸೇರಿಸಿ.

ಈಗ ಸಾಸೇಜ್. ಹಸಿ, ದಪ್ಪ ಬ್ರಾಟ್‌ವುರ್ಸ್ಟ್ ಆದರೆ ಮೊದಲು 75–80 ಡಿಗ್ರಿ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಇಡಿ. ಹಬೆ ಏಳಬೇಕು, ನೀರು ಕುದಿಯಬಾರದು. ಫೋರ್ಕಿನಿಂದ ಚುಚ್ಚಲೇಬೇಡಿ. ತೆಗೆದು ಬಟ್ಟೆಯಲ್ಲಿ ಒರೆಸಿ. ತೇವ ಉಳಿದರೆ ಕೆಂಪು ಬಣ್ಣ ಬರುವುದಿಲ್ಲ. ಆಮೇಲೆ ಎಣ್ಣೆ, ಬೆಣ್ಣೆ ಎರಡೂ ಹಾಕಿದ ಬಾಣಲೆಯಲ್ಲಿ ಮಧ್ಯಮಕ್ಕಿಂತ ಕಡಿಮೆ ಉರಿಯಲ್ಲಿ ಹೊರಳಿಸುತ್ತಾ ಹುರಿಯಿರಿ. ಹಂದಿಮಾಂಸದ್ದಾದರೆ ಒಳಗೆ 71 ಡಿಗ್ರಿ ಮುಟ್ಟಬೇಕು. ಜರ್ಮನಿಯ ನ್ಯೂರೆಂಬರ್ಗ್ ನಗರದ ಬೆರಳುದ್ದದ ಸಾಸೇಜ್‌ಗಳಿಗೆ, ಅಂದರೆ 7–9 ಸೆಂಟಿಮೀಟರ್‌ನವಕ್ಕೆ, ಈ ನೀರಿನ ಸ್ನಾನ ಬೇಡ. ನೇರ ಬಾಣಲೆಗೆ ಹಾಕಿ.

ಬಾಣಲೆಯ ತಳದಲ್ಲಿ ಹತ್ತಿಕೊಂಡದ್ದನ್ನು ಒಂದು ಸೌಟು ಕ್ರೌಟ್ ರಸದಲ್ಲಿ ಕೆರೆದು ಕೋಸಿಗೇ ಸೇರಿಸಿ. ಕೋಸಿನ ಮೇಲೆ ಸಾಸೇಜ್ ಇಟ್ಟು, ಪಕ್ಕದಲ್ಲಿ ಸಾಸಿವೆ ಪೇಸ್ಟ್ ಮತ್ತು ಬೇಯಿಸಿದ ಆಲೂಗಡ್ಡೆ ಅಥವಾ ರೈ ಬ್ರೆಡ್ ಕೊಡಿ. ಸಾಧ್ಯವಾದರೆ ಕ್ರೌಟನ್ನು ಹಿಂದಿನ ದಿನವೇ ಬೇಯಿಸಿಡಿ. ಮರುದಿನ ಬಿಸಿ ಮಾಡಿದಾಗ ಅದು ಇನ್ನೂ ಚೆನ್ನಾಗಿರುತ್ತದೆ.