ವರಾಂಡದಲ್ಲಿ ಯುದ್ಧದ ಮೇಜು

ಬೆಳಗಾವಿ ಹತ್ತಿರದ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ ಇದೆ, ಹಾಗಾಗಿ ನಮ್ಮ ಮಕ್ಕಳಿಗೆ ವಿಮಾನದ ಹುಚ್ಚು ಜಾಸ್ತಿ. 1940ರಲ್ಲಿ ಜರ್ಮನ್ ವಿಮಾನಗಳ ದಾಳಿಯಿಂದ ಬ್ರಿಟನ್ನನ್ನು ರೇಡಾರ್ ಉಳಿಸಿತು ಎಂದು ಒಮ್ಮೆ ಪಾಠದಲ್ಲಿ ಹೇಳಿಬಿಟ್ಟೆ. ಅದು ಅರ್ಧ ಮಾತು. ಕರಾವಳಿಯ ರೇಡಾರ್ ಸಮುದ್ರದ ಕಡೆ ಮಾತ್ರ ನೋಡುತ್ತಿತ್ತು. ವಿಮಾನ ದಡ ದಾಟಿದರೆ ದುರ್ಬೀನು ಹಿಡಿದು ಕೂತವರೇ ಗತಿ. ಇವರೆಲ್ಲರ ಸುದ್ದಿಯನ್ನು ಸೋಸಿ ನಕ್ಷೆಯ ಮೇಜಿಗೆ ತರುವ ಏರ್ಪಾಡು ಮಾಡಿದವರು ಬ್ರಿಟನ್ನಿನ ಫೈಟರ್ ವಿಮಾನಗಳ ಮುಖ್ಯಸ್ಥ ಹ್ಯೂ ಡೌಡಿಂಗ್. ಸರಿ, ಆಡಿಯೇ ತೋರಿಸೋಣ ಅಂದುಕೊಂಡೆ.

ವರಾಂಡದ ನೆಲದ ಮೇಲೆ ಸೀಮೆಸುಣ್ಣದ ನಕ್ಷೆ. ಮಾಳಿಗೆ, ಗೇಟು, ಕೆರೆ ಏರಿ, ಮೂರೂ ಕಡೆ ಫೋನ್ ಹಿಡಿದ ಮಕ್ಕಳು. ಶತ್ರುಗಳು ನಾಲ್ಕು ಸೈಕಲ್, ಅವರನ್ನು ತಡೆಯಲು ನಮ್ಮವು ಆರು. ನಕ್ಷೆಯ ಮೇಲೆ ಖಡೇ ಬಜಾರಿನಲ್ಲಿ ತಂದ ಅಂಗಿ ಗುಂಡಿಗಳೇ ವಿಮಾನ.

ಮೊದಲ ಸಲ ನಕ್ಷೆಯಲ್ಲಿ ಒಂಬತ್ತು ಸೈಕಲ್ ಬಂದವು! ಒಂದನ್ನೇ ಮೂವರೂ ನೋಡಿ ಹೇಳಿದ್ದರು, ಅಲ್ವಾ. ಡೌಡಿಂಗ್ ಅವರ ಕೇಂದ್ರ ಕಚೇರಿ ಬೆಂಟ್ಲಿ ಪ್ರಯೋರಿಯಲ್ಲಿ ಸುದ್ದಿ ಸೋಸುವ ಕೋಣೆ ಯಾಕಿತ್ತು ಅಂತ ಆಗ ನನಗೂ ಗೊತ್ತಾಯಿತು. ಆಫೀಸ್ ರೂಮಿನಲ್ಲಿ ಒಬ್ಬ ಹುಡುಗಿಯನ್ನು ಕೂರಿಸಿದೆ. ಎಲ್ಲರ ಮಾತೂ ಅವಳ ಕಿವಿಗೆ. ಅವಳು ಹೇಳಿದ್ದಷ್ಟೇ ನಕ್ಷೆಗೆ.

ಆದರೂ ಗೊಂದಲ. "ಸರ್, ಇದು ಹಳೇದ್ರೀ, ಆ ಸೈಕಲ್ ಆಗ್ಲೇ ಗೇಟ್ ದಾಟೇತ್ರಿ" ಎಂದ ಒಬ್ಬ.

ಅದಕ್ಕೂ ಬ್ರಿಟಿಷರಲ್ಲಿ ಮದ್ದಿತ್ತು. ಅಲ್ಲಿನ ಗಡಿಯಾರದಲ್ಲಿ ಪ್ರತಿ 5 ನಿಮಿಷದ ಭಾಗಕ್ಕೆ ಕೆಂಪು, ಹಳದಿ, ನೀಲಿ, ಒಂದೊಂದು ಬಣ್ಣ. ಸುದ್ದಿ ಬಂದಾಗ ನಿಮಿಷದ ಮುಳ್ಳು ಯಾವ ಬಣ್ಣದ ಮೇಲಿದೆಯೋ ಅದೇ ಬಣ್ಣದ ಬಿಲ್ಲೆ ಮೇಜಿನ ಮೇಲೆ. ಮೇಜು ನೋಡಿದರೆ ಸಾಕು, ಸುದ್ದಿ ಹಳತೋ ಹೊಸತೋ ತಿಳಿಯುತ್ತದೆ. ನಾವು ಗೋಡೆ ಗಡಿಯಾರಕ್ಕೆ ಬಣ್ಣದ ಕಾಗದ ಅಂಟಿಸಿ, 20 ಸೆಕೆಂಡಿಗೊಂದು ಬಣ್ಣ ಮಾಡಿಕೊಂಡೆವು. ಹಳೆ ಬಣ್ಣದ ಗುಂಡಿ ತೆಗೆಯುವುದೇ ಒಬ್ಬಳ ಕೆಲಸ. ನಾಲ್ಕನೇ ಆಟದಲ್ಲಿ ನಕ್ಷೆ ಸರಿಯಾಗಿತ್ತು.

1940ರ ಸೆಪ್ಟೆಂಬರ್ 15ರಂದು ಲಂಡನ್ ಹತ್ತಿರದ ಅಕ್ಸ್‌ಬ್ರಿಜ್‌ನ ನೆಲಮಾಳಿಗೆಯ ನಿಯಂತ್ರಣ ಕೋಣೆಯಲ್ಲಿ ಕೂತಿದ್ದ ಪ್ರಧಾನಿ ಚರ್ಚಿಲ್, ಇನ್ನೆಷ್ಟು ವಿಮಾನ ಮೀಸಲಿವೆ ಎಂದು ಅಲ್ಲಿಂದ ಫೈಟರ್ ವಿಮಾನಗಳನ್ನು ಕಳಿಸುತ್ತಿದ್ದ ಅಧಿಕಾರಿ ಕೀತ್ ಪಾರ್ಕ್‌ರನ್ನು ಕೇಳಿದ್ದರು. ಒಂದೂ ಇಲ್ಲ ಎಂದರು ಪಾರ್ಕ್. ನಮ್ಮ ಪಾರ್ಕ್ ಒಂಬತ್ತನೇ ತರಗತಿಯವನು. ಅವನೂ ಇದ್ದ ಆರು ಸೈಕಲ್ಲನ್ನೂ ಮೊದಲ ಸುದ್ದಿಗೇ ಅಟ್ಟಿಬಿಟ್ಟಿದ್ದ. ಎರಡನೇ ಸುದ್ದಿ ಬಂದಾಗ ನನ್ನ ಮುಖ ನೋಡಿದ. "ಸರ್, ನಿಮ್ಮ ಗಾಡಿ ಕೊಡ್ರಿ" ಅಂದ.