ಅಕಿಹಾಬಾರಾದಲ್ಲಿ ಎಲೆಕ್ಟ್ರಾನಿಕ್ಸ್ ಕೊಳ್ಳುವವರು ನೋಡಿಕೊಳ್ಳಬೇಕಾದದ್ದು

ಟೋಕಿಯೊದ ಅಕಿಹಾಬಾರಾದಲ್ಲಿ ಬೆಲೆ ವಿಚಾರಿಸುವ ಮೊದಲು ವಿಚಾರಿಸಬೇಕಾದದ್ದು ವೋಲ್ಟೇಜನ್ನು. ಜಪಾನಿನ ಮನೆಗಳಿಗೆ ಬರುವುದು 100 ವೋಲ್ಟ್ ವಿದ್ಯುತ್, ನಮ್ಮಲ್ಲಿ 230. ಕ್ಯಾಮೆರಾ ಅಥವಾ ಲ್ಯಾಪ್‌ಟಾಪಿನ ಚಾರ್ಜರನ್ನು ತಿರುಗಿಸಿ ನೋಡಿದರೆ ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ ‘ಇನ್‌ಪುಟ್ 100–240 ವಿ’ ಎಂದು ಅಚ್ಚಾಗಿರುತ್ತದೆ. ಹಾಗಿದ್ದರೆ ಚಪ್ಪಟೆ ಪಿನ್ನಿನ ಪ್ಲಗ್ಗಿಗೆ ಒಂದು ಅಡಾಪ್ಟರ್ ಸಾಕು. ಬರಿಯ ‘100 ವಿ’ ಎಂದಿದ್ದರೆ ಅಡಾಪ್ಟರಿನಿಂದ ಪ್ರಯೋಜನವಿಲ್ಲ, ಏಕೆಂದರೆ ಅದು ಪಿನ್ನಿನ ಆಕಾರವನ್ನು ಹೊಂದಿಸುತ್ತದೆಯೇ ಹೊರತು ವೋಲ್ಟೇಜನ್ನು ಇಳಿಸುವುದಿಲ್ಲ.

ಪ್ರವಾಸಿಗರು ಹೆಚ್ಚಾಗಿ ಎಡವುವುದು ರೈಸ್ ಕುಕ್ಕರಿನ ವಿಷಯದಲ್ಲಿ. ಕಾಯಿಲ್‌ನಿಂದ ಕಾಯುವ ಉಪಕರಣಕ್ಕೆ 2.3 ಪಟ್ಟು ವೋಲ್ಟೇಜ್ ಕೊಟ್ಟರೆ ಅದು ಎಳೆಯುವ ಶಕ್ತಿ ಐದು ಪಟ್ಟನ್ನೂ ಮೀರುತ್ತದೆ. 600 ವ್ಯಾಟಿನ ಕುಕ್ಕರು 3,000 ವ್ಯಾಟ್ ದಾಟಲು ಹೊರಟು, ಅನ್ನ ಬೇಯುವ ಮೊದಲೇ ಸುಟ್ಟುಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಇಟ್ಟು ನಡೆಸಬಹುದಾದರೂ, ಅಷ್ಟು ಶಕ್ತಿಯನ್ನು ತಡೆಯುವ ಟ್ರಾನ್ಸ್‌ಫಾರ್ಮರು ಕುಕ್ಕರಿಗಿಂತ ಭಾರವಾಗಿರುವುದುಂಟು. ಕೊಳ್ಳಲೇಬೇಕೆಂದಿದ್ದರೆ, ದೊಡ್ಡ ಮಳಿಗೆಗಳ ತೆರಿಗೆರಹಿತ ವಿಭಾಗದಲ್ಲಿ ವಿದೇಶಗಳಿಗೆಂದೇ ತಯಾರಾದ 220–230 ವೋಲ್ಟಿನ ಮಾದರಿಯನ್ನು ಕೇಳಿ.

ಹೊಸ ಸಾಮಾನಿಗೆ ನಿಲ್ದಾಣದ ಪಕ್ಕದಲ್ಲೇ 2005ರಿಂದ ಇರುವ ಯೊಡೊಬಾಶಿಯ ಬಹುಮಹಡಿ ಮಳಿಗೆ ಅನುಕೂಲ. ಎಲೆಕ್ಟ್ರಾನಿಕ್ಸ್‌ನಲ್ಲಿ ಕೈಯಾಡಿಸುವವರಾದರೆ ರೈಲುಹಳಿಗಳ ಅಡಿಯಲ್ಲಿರುವ ರೇಡಿಯೊ ಸೆಂಟರನ್ನು ಬಿಡಬೇಡಿ. ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದಷ್ಟು ಇಕ್ಕಟ್ಟಿನ ಓಣಿಗಳಲ್ಲಿ ಸ್ವಿಚ್ಚು, ಕನೆಕ್ಟರುಗಳನ್ನು ಪುಟ್ಟ ತಟ್ಟೆಗಳಲ್ಲಿ ಹರವಿಟ್ಟು ಬಿಡಿಬಿಡಿಯಾಗಿ ಮಾರುತ್ತಾರೆ. ಹಳೆಯ ಕ್ಯಾಮೆರಾಗಳಿಗಾದರೆ ಟೋಕಿಯೊದ ಇನ್ನೊಂದು ಬಡಾವಣೆಯಾದ ಶಿಂಜುಕುವೇ ಮೇಲು ಎಂಬುದು ನನ್ನ ಅಭಿಪ್ರಾಯ.

ಬಳಸಿದ ಸಾಮಾನಿಗೆ ಅಲ್ಲಿ ‘ಚೂಕೋ’ ಎನ್ನುತ್ತಾರೆ. ಅದರ ಸ್ಥಿತಿಯನ್ನು ಎ, ಬಿ, ಸಿ ಎಂಬಂತಹ ದರ್ಜೆಗಳಲ್ಲಿ ಚೀಟಿಯ ಮೇಲೆ ಬರೆದಿರುತ್ತಾರೆ. ಸಣ್ಣ ಗೀರನ್ನೂ ನಮೂದಿಸುವ ಅಂಗಡಿಗಳಿವೆ. ‘ಜಂಕು’ ಎಂದು ಬರೆದದ್ದು ಎಷ್ಟೇ ಅಗ್ಗವಾಗಿ ಕಂಡರೂ, ಅದು ಕೆಲಸ ಮಾಡುತ್ತದೆಂಬ ಭರವಸೆಯಾಗಲಿ, ಹಿಂದಿರುಗಿಸುವ ಅವಕಾಶವಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಲೆನ್ಸ್ ಆದರೆ ಗಾಜಿನ ಕಪಾಟಿನಿಂದ ತೆಗೆಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಜೇಡರ ಬಲೆಯಂಥ ನವಿರಾದ ಎಳೆಗಳು ಕಂಡರೆ ಒಳಗೆ ಬೂಷ್ಟು ಹಿಡಿದಿದೆ ಎಂದರ್ಥ.

ಹೊಸ ಕ್ಯಾಮೆರಾದ ತೊಡಕು ಬೇರೆ. ಸೋನಿಯ ಜಪಾನ್ ಮಾದರಿಗಳ ಮೆನು ಸಾಮಾನ್ಯವಾಗಿ ಜಪಾನಿ ಭಾಷೆಯಲ್ಲಿ ಮಾತ್ರ ಇರುತ್ತದೆ. ಆದ್ದರಿಂದ ಪ್ರದರ್ಶನಕ್ಕಿಟ್ಟ ಕ್ಯಾಮೆರಾದಲ್ಲೇ ಭಾಷೆಯ ಆಯ್ಕೆಯನ್ನು ತೆರೆದು ನೋಡಿ, ವಿದೇಶಿ ಮಾದರಿ ಇದೆಯೇ ಎಂದು ಕೇಳುವುದು ಒಳ್ಳೆಯದು. ವಾರಂಟಿ ಜಪಾನಿಗಷ್ಟೇ ಸೀಮಿತವೇ ಎಂಬುದನ್ನೂ ಆಗಲೇ ತಿಳಿದುಕೊಳ್ಳಿ. ಜಪಾನಿನ ಮೊಬೈಲ್‌ಗಳಲ್ಲಿ ಫೋಟೊ ತೆಗೆಯುವಾಗಿನ ಸದ್ದನ್ನು ಅಲ್ಲಿ ಸಾಮಾನ್ಯವಾಗಿ ಅಡಗಿಸಲಾಗದು.

ಬಳಕೆ ತೆರಿಗೆ 10 ಶೇಕಡಾ. ಬೆಲೆಚೀಟಿಯಲ್ಲಿ ತೆರಿಗೆ ಸೇರಿದ ಮೊತ್ತವೂ ಸೇರದ ಮೊತ್ತವೂ ಇರಬಹುದಾದ್ದರಿಂದ ಯಾವುದು ಯಾವುದೆಂದು ನೋಡಿಕೊಳ್ಳಿ. ತೆರಿಗೆ ಸೇರಿ 1,10,000 ಯೆನ್ ಆಗುವ ಸಾಮಾನಿಗೆ ವಿದೇಶಿ ಪ್ರವಾಸಿಗರಿಗಿರುವ ವಿನಾಯಿತಿಯಿಂದ ಉಳಿಯುವುದು 10,000 ಯೆನ್, 11,000 ಅಲ್ಲ. ತೆರಿಗೆರಹಿತ ಖರೀದಿಯ ಸೌಲಭ್ಯವಿರುವ ಒಂದೇ ಅಂಗಡಿಯಲ್ಲಿ ಒಂದೇ ದಿನ ತೆರಿಗೆ ಬಿಟ್ಟು ಕನಿಷ್ಠ 5,000 ಯೆನ್ ವ್ಯಾಪಾರವಾಗಿರಬೇಕು. ಮೂಲ ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಈ ತೆರಿಗೆಯನ್ನು 2026ರ ಅಕ್ಟೋಬರ್ 31ರವರೆಗೆ ಅಂಗಡಿಯಲ್ಲೇ ಬಿಡುತ್ತಾರೆ. ನವೆಂಬರ್ 1ರಿಂದ ಪೂರ್ತಿ ಹಣ ಕಟ್ಟಿ, ದೇಶ ಬಿಡುವಾಗ ಕಸ್ಟಮ್ಸ್‌ನ ದೃಢೀಕರಣವಾದ ಮೇಲೆ ಮರಳಿ ಪಡೆಯಬೇಕಾಗುತ್ತದೆ. ದೊಡ್ಡ ಮಳಿಗೆಗಳಲ್ಲಿ ಚೌಕಾಸಿಗಿಂತ ಪ್ರವಾಸಿಗರ ಕೂಪನ್ನು ಹೆಚ್ಚು ಕೆಲಸಕ್ಕೆ ಬರುತ್ತದೆ.

ಮರಳುವಾಗ ಬಿಡಿ ಲಿಥಿಯಂ ಬ್ಯಾಟರಿ ಮತ್ತು ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಬೇಕು. ಭಾರತಕ್ಕೆ ಬರುವ ವಯಸ್ಕ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ಕ್ಯಾಮೆರಾದಂಥ ಹೊಸ ಸಾಮಾನಿನ ಬೆಲೆ ಸುಂಕರಹಿತ ಮಿತಿಯ ಲೆಕ್ಕಕ್ಕೆ ಬರುತ್ತದೆ. ಇದಕ್ಕಾಗಿ ಬಿಲ್ಲುಗಳನ್ನು ಸೂಟ್‌ಕೇಸಿನ ತಳದಲ್ಲಿ ಅಲ್ಲ, ಪಾಸ್‌ಪೋರ್ಟಿನ ಜೊತೆಯಲ್ಲೇ ಇಟ್ಟುಕೊಳ್ಳಿ.